ಚೀಲವಿಲ್ಲದೆ ಓಡದ ಕಾಲು

ಅಣ್ಣಯ್ಯ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಸಿಂಧಘಟ್ಟದ ಕಡೆಯಿಂದ ಎಮ್ಮೆ ಮಾರಲು ಬಂದವನೊಬ್ಬನ ಬಾಯಲ್ಲಿ, ಅದೂ ತಿಥಿಯೆಲ್ಲ ಮುಗಿದ ಮೇಲೆ. ಆಯುಸ್ಸೆಲ್ಲ ಊರೂರಿಗೆ ಸುದ್ದಿ ಮುಟ್ಟಿಸಿದವನ ಸುದ್ದಿ ಇಷ್ಟು ತಡವಾಗಿ ಮುಟ್ಟಿತಲ್ಲ ಎಂದು ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಅವನೇ ಇದ್ದಿದ್ದರೆ, "ಯಾವನ್ಲಾ ಅವ್ನು, ಎಮ್ಮೆ ಇಡ್ಕಂಡು ಸುದ್ದಿ ತರೋನು?" ಎಂದು ನನಗಿಂತ ಜೋರಾಗಿ ರೇಗುತ್ತಿದ್ದ. ಎಮ್ಮೆಯವನನ್ನು ಕಳಿಸಿ ಒಳಗೆ ಹೋಗಿ ಕೂತು ಅತ್ತೆ. ಅತ್ತು ಮುಗಿಸುವ ಹೊತ್ತಿಗೆ ಹಿರೋಡೆಯ ಆ ದಿನ ನೆನಪಾಗಿ ನಗು ಬಂತು. ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನು ವಿಚಿತ್ರವಾಗಿ ನೋಡಿದಳು.

ಅವನು ನನ್ನ ಒಡಹುಟ್ಟಿದವನಲ್ಲ. ಅವನು ಸಿಂಧಘಟ್ಟದ ಒಕ್ಕಲಿನವನು, ನಾನು ನಾಗಮಂಗಲದ ಎರಕದವರ ಮನೆಯವನು. ಕುಲುಮೆಯ ಮುಂದೆ ಕೂರಲಾರದೆ ಸುಲ್ತಾನರ ಅಂಚೆ ಸೇರಿಕೊಂಡೆ. ಅಂಚೆಯ ಕ್ರಮ ಹೀಗೆ: ಹೆಗಲಿಗೆ ಓಲೆಯ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಒಬ್ಬೊಬ್ಬನಿಗೆ ಒಂದೊಂದು ಕಟ್ಟೆ. ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಓಡಿ, ಅಲ್ಲಿ ಕಾಯುತ್ತಿರುವವನ ಕೈಗೆ ಚೀಲ, ಕೋಲು ಎರಡನ್ನೂ ಕೊಟ್ಟರೆ ಓಡಿ ಬಂದವನ ಕೆಲಸ ಮುಗಿಯಿತು. ಶ್ರೀರಂಗಪಟ್ಟಣದ ಎದುರಿಗೆ, ಹೊಳೆಯ ಬಡಗಣ ದಡದಿಂದ ಹಿರೋಡೆಯವರೆಗೆ ಅಣ್ಣಯ್ಯನ ಓಟ. ಹಿರೋಡೆಯಿಂದ ಚಿನಕುರಳಿಗೆ ನನ್ನದು. ಅಲ್ಲಿಂದ ಅತ್ತಿಗುಪ್ಪೆಗೆ ಮತ್ತೊಬ್ಬ.

ಅವನನ್ನು ನೋಡಿದರೆ ಓಟಗಾರ ಎನ್ನಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಗಿಡ್ಡ ಆಳು, ಬೋಳು ತಲೆ, ಮುದ್ದೆ ಉಂಡು ಉಂಡು ಮುಂದೆ ಬಂದ ಹೊಟ್ಟೆ. ಕಾಲಿನ ಮೀನಖಂಡ ಮಾತ್ರ ಒನಕೆಯ ಹಾಗೆ. ಕೆನ್ನೆಯೊಳಗೆ ಸದಾ ಒಂದು ಹುರಿದ ಹುಣಸೆಬೀಜ. ಹೊರಡುವಾಗ ಬಾಯಿಗೆ ಹಾಕಿಕೊಂಡರೆ ಹಿರೋಡೆ ಮುಟ್ಟಿದ ಮೇಲೇ ಕಟಕ್ಕನೆ ಕಡಿಯುತ್ತಿದ್ದ. ಅವನ ಓಟದಲ್ಲಿ ವೇಗ ಎನ್ನುವುದು ಇರಲಿಲ್ಲ, ನಿಲ್ಲುವುದು ಎನ್ನುವುದೂ ಇರಲಿಲ್ಲ. ಬಿಸಿಲಾಗಲಿ ಮಳೆಯಾಗಲಿ, ಏರಾಗಲಿ ಇಳಿಜಾರಾಗಲಿ, ಅದೇ ಹೆಜ್ಜೆ, ಅದೇ ಗೆಜ್ಜೆ. ದಾರಿಯ ಹೆಂಗಸರು ಆ ಸದ್ದು ಕೇಳಿ ಒಲೆಗೆ ಎಸರಿಡುತ್ತಿದ್ದರು.

ನನ್ನ ಕೈಗೆ ಚೀಲ ಕೊಡುವಾಗ ಅವನು ಒಂದೇ ಮಾತು ಹೇಳುತ್ತಿದ್ದ: "ಸಾಗ್ಲಿ." ಆ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಕಾಲು ಚಿನಕುರಳಿಯ ಕಡೆ ತಾನಾಗಿಯೇ ಎದ್ದುಬಿಡುತ್ತಿತ್ತು. ಅವನು ಅತ್ತ ಅಂಚೆಮನೆಯ ಜಗುಲಿಯ ಮೇಲೆ ಉದ್ದಕ್ಕೆ ಮಲಗಿ, ಪಾದಕ್ಕೆ ನೀರು ಸುರಿದುಕೊಂಡು, ಅಂಬಲಿ ಕೇಳುತ್ತಿದ್ದ. ಪಟ್ಟಣದ ಕಡೆ ಹೋಗುವ ಓಲೆಗೆ ಬೇರೆ ಆಳು; ಇವನು ಬಿಸಿಲು ಇಳಿದ ಮೇಲೆ ನಡೆದೇ ಹಿಂದಿರುಗುತ್ತಿದ್ದ. ವರ್ಷಾನುಗಟ್ಟಲೆ ಇದೇ ನಡೆಯಿತು. ನಾವಿಬ್ಬರೂ ನಿಂತು ಮಾತಾಡಿದ್ದಕ್ಕಿಂತ ಅವನು ನನ್ನ ಬೆನ್ನು ನೋಡಿದ್ದೇ ಹೆಚ್ಚು.

ಕೆಲಸವಿಲ್ಲದ ದಿನ ಅಣ್ಣಯ್ಯ ಓಡಿದ್ದನ್ನು ಯಾರೂ ಕಂಡವರಿಲ್ಲ. ಮಳೆ ಬಂದರೂ ನಡೆದೇ ಬರುವನು. ಗುಮ್ಮುವ ಹೋರಿ ಅಟ್ಟಿಸಿಕೊಂಡು ಬಂದರೂ ಪಕ್ಕಕ್ಕೆ ಸರಿದು ನಿಲ್ಲುವನು. ಹೊಸಹೊಳಲಿನಲ್ಲಿ ಅವನ ತಂಗಿಯ ಮಗಳ ಮದುವೆ. ಅಕ್ಕಸಾಲಿಯ ಮನೆಯಿಂದ ತಾಳಿ ತರುವ ಕೆಲಸ ಅವನ ಪಾಲಿಗೆ ಬಂತು. ಓಟಗಾರನಲ್ಲವೇ, ಕ್ಷಣದಲ್ಲಿ ತರುತ್ತಾನೆ ಎಂದು ಎಲ್ಲರೂ ನಂಬಿ ಕೂತರು. ಮುಹೂರ್ತ ಮೀರುತ್ತ ಬಂತು. ಪುರೋಹಿತರು ಹೇಳಿದ ಮಂತ್ರವನ್ನೇ ಮತ್ತೆ ಹೇಳತೊಡಗಿದರು. ಅಣ್ಣಯ್ಯ ಬೀದಿಯ ತುದಿಯಲ್ಲಿ ಕಾಣಿಸಿಕೊಂಡ, ಕೈ ಹಿಂದೆ ಕಟ್ಟಿಕೊಂಡು, ಗದ್ದೆ ನೋಡಲು ಹೊರಟ ಪಟೇಲನ ಹಾಗೆ. ಚಪ್ಪರದಿಂದ ತಂಗಿ ಕೂಗಿದಳು, "ಓಡಣ್ಣೋ! ಮೂರ್ತ ಓಯ್ತದೆ!" ಇವನು ನಡೆಯುತ್ತಲೇ ಉತ್ತರ ಕೊಟ್ಟ: "ಚೀಲ ಇಲ್ದೆ ಕಾಲು ಓಡಕ್ಕಿಲ್ಲ ಕಣವ್ವ, ನಾನೇನ್ ಮಾಡ್ಲಿ?" ತಾಳಿ ಹೇಗೋ ಮುಹೂರ್ತಕ್ಕೆ ಬಿತ್ತೆನ್ನಿ. ಆದರೆ ಆ ತಂಗಿ ಎಷ್ಟೋ ಕಾಲ ಅವನ ಜೊತೆ ಮಾತು ಬಿಟ್ಟಿದ್ದಳು.

ನಾನೊಮ್ಮೆ ಕೇಳಿದೆ, ಇದೇನು ನಿನ್ನ ಸೋಗು ಎಂದು. ಅವನು ನಗಲಿಲ್ಲ. "ಸೋಗಲ್ಲ ಕಣ್ಲಾ ಆಚಾರಿ. ಅಲ್ಲೊಬ್ಬ ಕಾಯ್ತಾ ಕುಂತವ್ನೆ ಅನ್ನೋ ಗ್ಯಾನ ಇದ್ರೆ ಕಾಲು ಏಳ್ತದೆ. ಇಲ್ದಿದ್ರೆ ಇದು ಬರೀ ಮಾಂಸ" ಎಂದು ತನ್ನ ಮೀನಖಂಡಕ್ಕೆ ತಾನೇ ಒಂದು ಏಟು ಕೊಟ್ಟ.

ಆಗ ಹಿರೋಡೆಯ ಬಂಡೆಗಳ ಬುಡದಲ್ಲಿ ಫ್ರೆಂಚ್ ದಂಡು ಬೀಡುಬಿಟ್ಟಿತ್ತು. ಅವರ ಜೊತೆ ಬಂದಿದ್ದ ಗಡಿಯಾರ ಮಾಡುವ ಮುದುಕನೊಬ್ಬ ನಮ್ಮ ಅಂಚೆಮನೆಯ ಜಗುಲಿಗೆ ಬಂದು ಕೂರುತ್ತಿದ್ದ. ಸೊಪ್ಪು ಮಾರುವ ಹೆಂಗಸರ ಹತ್ತಿರ ಕನ್ನಡ ಕಲಿತಿದ್ದರಿಂದ ಗಂಡಸರನ್ನೂ "ಕಣವ್ವ" ಎಂದೇ ಮಾತಾಡಿಸುತ್ತಿದ್ದ. ನಾವು ತಿದ್ದಲಿಲ್ಲ. ಅಷ್ಟು ಪ್ರೀತಿಯ ತಪ್ಪನ್ನು ತಿದ್ದುವುದಕ್ಕೆ ನಮಗೆ ಮನಸ್ಸು ಬರಲಿಲ್ಲ.

ಅವನೇ ನಮಗೆ ಹಿಂದಿನ ಕಾಲದ ಆಟಗಳ ಕತೆ ಹೇಳಿದ್ದು. ಸಮುದ್ರದಾಚೆ ಗ್ರೀಕರು ಎಂಬ ಜನ ಇದ್ದರಂತೆ. ಅವರಲ್ಲಿ ಊರಿಗೊಂದು ರಾಜ್ಯ, ರಾಜ್ಯಕ್ಕೊಂದು ಜಗಳ. ಆದರೂ ಕೆಲವು ವರ್ಷಕ್ಕೊಮ್ಮೆ ಒಂದು ದೇವಸ್ಥಾನದ ಬಯಲಿನಲ್ಲಿ ಎಲ್ಲರೂ ಸೇರಿ ಓಡುವುದು, ಕುಸ್ತಿ ಹಿಡಿಯುವುದು, ಚಕ್ರ ಎಸೆಯುವುದು, ರಥ ಓಡಿಸುವುದು ಮಾಡುತ್ತಿದ್ದರಂತೆ. ಗೆದ್ದವನಿಗೆ ಚಿನ್ನವಿಲ್ಲ, ಜಹಗೀರಿಲ್ಲ, ತಲೆಗೆ ಸೊಪ್ಪಿನ ಒಂದು ಬಳೆ.

"ಸೊಪ್ಪಾ?" ಎಂದ ಅಣ್ಣಯ್ಯ. "ನಮ್ಮೂರಾಗಿದ್ರೆ ಮನೆ ಮುಟ್ಟೋಕ್ ಮುಂಚೆ ಮೇಕೆ ತಿಂದಾಕ್ಬುಡ್ತಿತ್ತು."

ಮುದುಕ ನಕ್ಕ. ಅಣ್ಣಯ್ಯ ಇನ್ನೊಂದು ಪ್ರಶ್ನೆ ಕೇಳಿದ. "ಅಲ್ಲ ಸ್ವಾಮಿ, ಊರೂರಿಗೆ ಜಗಳ ಅಂತೀರಿ. ದಾರೀಲಿ ಬರೋರ್ನ ಯಾರೂ ಒಡೀತಿರ್ಲಿಲ್ವಾ?"

"ಇಲ್ಲ ಕಣವ್ವ. ಆಟಕ್ಕೆ ಮುಂಚೆ ಸಾರುವವರು ಹೋಗ್ತಾ ಇದ್ರು, ಎಲ್ಲಾ ಊರಿಗೆ. ಆಟ ಬಂತು, ಕತ್ತಿ ಕೆಳಗೆ ಇಡಿ, ದಾರಿ ಬಿಡಿ ಅಂತ."

ಅಣ್ಣಯ್ಯ ಎದ್ದು ಕೂತ. ಹುಣಸೆಬೀಜ ಕಡಿಯುವುದನ್ನು ಮರೆತ. "ಅಂಗಾರೆ ಸುದ್ದಿ ತಕಂಡೋದೋರು ಯಾರು? ಅಂಚೆಯೋರು! ಕೇಳ್ದೇನ್ಲಾ ಆಚಾರಿ? ಜಟ್ಟಿಗಳು ಮೀಸೆ ತಿರುವೋಕ್ ಮುಂಚೆ ನಮ್ಮೋರು ಓಡಿದ್ರು ಕಣ್ಲಾ! ನಮ್ಮೋರು ಓಡ್ದೆ ಇದ್ದಿದ್ರೆ ಆಟವೇ ಇಲ್ಲ!" ಆ ಸಂತೋಷದಲ್ಲಿ ಅವನು ಎರಡು ಚೊಂಬು ಅಂಬಲಿ ಕುಡಿದ. ಗ್ರೀಕರನ್ನು ಅಂದಿನಿಂದ "ನಮ್ಮ ಪೈಕಿ ಜನ" ಎಂದೇ ಕರೆಯುತ್ತಿದ್ದ.

ಅವನು ಹಾಗೆ ಉಬ್ಬಿದ್ದಕ್ಕೆ ಕಾರಣವಿತ್ತು. ನಮ್ಮ ಪಟ್ಟಣದಲ್ಲೂ ಸುಗ್ಗಿಯ ಕೊನೆಗೆ ಹೊಳೆಯ ಮರಳಿನ ಮೇಲೆ ಆಟ ನಡೆಯುತ್ತಿತ್ತು. ಆ ಕಾಲದ ಪಟ್ಟಣವೆಂದರೆ ಲೋಕವೇ. ಕುದುರೆ ಮಾರಲು ಬಂದ ಪಠಾಣರು, ಅರಬರು, ಮರಾಠರು, ಮಲೆಯಾಳದವರು, ಫ್ರೆಂಚರು, ಜೊತೆಗೆ ನಮ್ಮ ಗರಡಿಗಳ ಹುಡುಗರು. ಕುಸ್ತಿ, ಗುಂಡುಕಲ್ಲು ಎತ್ತುವುದು, ಗದೆ ತಿರುಗಿಸುವುದು, ಈಜು, ಕೊನೆಯಲ್ಲಿ ಓಟ. ಆಟಕ್ಕೆ ಬಂದವರೆಲ್ಲ ಕತ್ತಿ, ಬಾಕು, ಬಂದೂಕುಗಳನ್ನು ಒಂದು ಹುಣಸೆಮರದ ಬುಡದಲ್ಲಿ ರಾಶಿ ಹಾಕಿ ಮರಳಿಗೆ ಇಳಿಯಬೇಕು. ಜಗಳ ತೆಗೆದವನನ್ನು ಎತ್ತಿ ಹೊಳೆಗೆ ಹಾಕುವುದು ವಾಡಿಕೆ. ಒದ್ದೆಯಾಗಿ ಎದ್ದು ಬಂದವನು ತಾನೂ ನಗಬೇಕು, ಅದೂ ವಾಡಿಕೆಯೇ. ಆದರೆ ಗರಡಿಯವರಿಗೆ ಓಟ ಎಂದರೆ ತಾತ್ಸಾರ. "ಓಟವೂ ಒಂದು ಆಟವೇನ್ಲಾ? ನಾಯಿನೂ ಓಡ್ತದೆ" ಎನ್ನುತ್ತಿದ್ದರು. ಅಂಚೆಯವರನ್ನು ಆಟಕ್ಕೆ ಯಾರೂ ಕರೆಯುತ್ತಲೂ ಇರಲಿಲ್ಲ.

ಅದೇ ವರ್ಷ ನಮ್ಮ ಅಂಚೆಯ ದರೋಗಾ ಸಾಹೇಬರು ಅಣ್ಣಯ್ಯನನ್ನು ಕರೆಸಿ, "ಅರೆ ಭಾಯಿ, ನೀನು ಬುಡ್ಢಾ ಆದೆ. ನಾಳೆ ದಾರಿಯಲ್ಲಿ ಬಿದ್ದರೆ ಸರ್ಕಾರದ ಓಲೆಗೆ ಯಾರು ಜವಾಬು? ಬರೋ ತಿಂಗಳಿಂದ ನೆರಳಲ್ಲಿ ಕೂತು ಚೀಲ ಹೊಲಿ" ಎಂದರು. ಕೆಟ್ಟವರಲ್ಲ, ಕನಿಕರದಿಂದಲೇ ಹೇಳಿದ್ದು. ಆದರೆ ಅಣ್ಣಯ್ಯನ ಮುಖ ನೋಡಲಾಗಲಿಲ್ಲ. ಚೀಲ ಹೊರುವವನಿಗೂ ಚೀಲ ಹೊಲಿಯುವವನಿಗೂ ಇರುವ ವ್ಯತ್ಯಾಸ ಹೊರಗಿನವರಿಗೆ ತಿಳಿಯುವುದಿಲ್ಲ.

ಅವನು ಕೈಮುಗಿದು ಹೇಳಿದ: "ಈ ಸಲ ಹೊಳೆ ಆಟದಲ್ಲಿ ಓಡ್ತೀನಿ ಬುದ್ಧಿ. ಎಲ್ಲಾ ದೇಶದೋರೂ ಬರ್ಲಿ. ಗೆದ್ರೆ ಚೀಲ ನನ್ದೇ. ಸೋತ್ರೆ ಸೂಜಿ ದಾರ ಕೊಡಿ, ಬಾಯ್ ಬುಡಕ್ಕಿಲ್ಲ." ಸಾಹೇಬರು ನಕ್ಕು ಒಪ್ಪಿದರು. ಅವನು ಗೆಲ್ಲುತ್ತಾನೆಂದು ಯಾರೂ ಎಣಿಸಿರಲಿಲ್ಲ.

ಓಟ ಬಡಗಣ ದಡದ ಮರಳಿನಿಂದ ಹಿರೋಡೆಯ ಅಂಚೆಮನೆಗೆ, ಅಲ್ಲಿಂದ ಮತ್ತೆ ಮರಳಿಗೆ. ಪ್ರತಿಯೊಬ್ಬನ ಕೈಯಲ್ಲೂ ಒಂದು ಬಣ್ಣದ ಕೋಲು. ಹಿರೋಡೆಯಲ್ಲಿ ಗಡಿಯಾರದ ಮುದುಕ ಆ ಕೋಲಿಗೆ ಒಂದು ದಾರ ಕಟ್ಟಬೇಕು. ದಾರ ಕಟ್ಟಿದ ಕೋಲನ್ನು ಮೊದಲು ತಂದು ದರೋಗಾ ಸಾಹೇಬರ ಕೈಗೆ ಕೊಟ್ಟವನು ಗೆದ್ದ ಹಾಗೆ. ನಾನು ಎಂದಿನಂತೆ ಹಿರೋಡೆಯ ಕಟ್ಟೆಯಲ್ಲಿದ್ದೆ. ಅಂದಿನ ಅಂಚೆ ಬರುವುದು ಸಂಜೆಗೆ, ಹಾಗಾಗಿ ನನಗೆ ಬಿಡುವು. ದಾರಿ ನೋಡುತ್ತ ನಿಂತಿದ್ದೆ.

ಮೊದಲು ಕಾಣಿಸಿದ್ದು ಅಣ್ಣಯ್ಯನ ಬೋಳು ತಲೆ! ಉಳಿದವರು ಏರಿನಲ್ಲಿ ನಿಂತು ನಿಂತು ಬರುತ್ತಿದ್ದರಂತೆ, ಹಿಂದೆ ಇನ್ನೂ ಯಾರ ಸುಳಿವೂ ಇಲ್ಲ. ನನ್ನ ಎದೆ ಹಿಗ್ಗಿತು. ಅವನು ಅದೇ ಹೆಜ್ಜೆಯಲ್ಲಿ ಬಂದ, ದಾರ ಕಟ್ಟಲು ಎದ್ದು ನಿಂತಿದ್ದ ಮುದುಕನನ್ನು ದಾಟಿ ನೇರ ನನ್ನ ಬಳಿಗೆ ಬಂದ, ಕೋಲನ್ನು ನನ್ನ ಕೈಗೆ ತುರುಕಿದ.

"ಸಾಗ್ಲಿ" ಎಂದ.

ನಾನು ಓಡಿದೆ.

ಇದನ್ನು ಹೇಗೆ ಬರೆಯಲಿ! ಚಿನಕುರಳಿಯ ದಾರಿ ಹಿಡಿದು, ಕೆರೆಯ ಏರಿಯವರೆಗೆ, ಎದೆ ಮುಂದೆ ಮಾಡಿಕೊಂಡು ಓಡಿದೆ. ಏರಿಯ ಮೇಲೆ ಹೆಗಲು ಹಗುರ ಎನ್ನಿಸಿ ಮುಟ್ಟಿ ನೋಡಿಕೊಂಡರೆ ಚೀಲವಿಲ್ಲ. ಕೈಯಲ್ಲಿ ಗೆಜ್ಜೆಯಿಲ್ಲದ ಕೆಂಪು ಕೋಲು. ಆಗ ತಿಳಿಯಿತು. ಬಾಯಲ್ಲಿ ಬಂದ ಬೈಗುಳವನ್ನೆಲ್ಲ ನನಗೇ ಬೈದುಕೊಂಡು ಹಿಂದಕ್ಕೆ ತಿರುಗಿದೆ.

ಇತ್ತ ಅಂಚೆಮನೆಯಲ್ಲಿ ನಡೆದದ್ದನ್ನು ಮುದುಕ ಆಮೇಲೆ ಎಷ್ಟು ಸಲ ಹೇಳಿದನೋ! ಅಣ್ಣಯ್ಯ ಜಗುಲಿಯ ಮೇಲೆ ಮಲಗಿ, ಪಾದಕ್ಕೆ ನೀರು ಹುಯ್ದುಕೊಂಡು, ಕಣ್ಣು ಮುಚ್ಚಿದ್ದಾನೆ. ಮುದುಕ ದಾರ ಹಿಡಿದುಕೊಂಡು ಕುಣಿಯುತ್ತಿದ್ದಾನೆ. "ಓಡು ಕಣವ್ವ! ಓಡು ಕಣವ್ವ!" ಅಣ್ಣಯ್ಯ ಕಣ್ಣು ಬಿಡದೆ, "ಓಡ್ತಾವ್ನೆ ಬುಡಿ ಸ್ವಾಮಿ. ನಮ್ ಆಚಾರಿ ದಾರೀಲಿ ನಿಲ್ಲೋನಲ್ಲ" ಎಂದನಂತೆ. ಅಷ್ಟರಲ್ಲಿ ಮಲೆಯಾಳದ ಒಬ್ಬ ತರುಣ ಬಂದು ದಾರ ಕಟ್ಟಿಸಿಕೊಂಡು ಹಿಂದಕ್ಕೆ ಓಡಿದ. ಅವನ ಬೆನ್ನಿಗೇ ಉದ್ದ ಕಾಲಿನ ಫ್ರೆಂಚ್ ಸಿಪಾಯಿ. ಅಣ್ಣಯ್ಯ ಒಂದು ಕಣ್ಣು ತೆರೆದು ಅವರನ್ನು ನೋಡಿ, "ಪಾಪ, ಇವ್ರ್ಯಾಕೆ ಬಂದ್ ದಾರೀಲೇ ವಾಪಸ್ ಓಯ್ತಾವ್ರೆ? ಕೈ ಬದಲಾಯ್ಸೋರು ಯಾರೂ ಇಲ್ವಾ ಇವ್ರಿಗೆ?" ಎಂದು ಮರುಕಪಟ್ಟನಂತೆ.

ನಾನು ಏದುಸಿರು ಬಿಡುತ್ತ ಬಂದು ಕೂಗಿದೆ. "ಅಣ್ಣಯ್ಯ! ವಾಪಸ್ ಓಡ್ಬೇಕು ಕಣಣ್ಣಯ್ಯ! ಇದು ಅಂಚೆ ಅಲ್ಲ, ಆಟ! ನೀನೇ ವಾಪಸ್ ಓಡ್ಬೇಕು!"

ಅವನು ಎದ್ದು ಕೂತ. ಮುಖದ ಬಣ್ಣವೇ ಇಳಿದುಹೋಯಿತು. ದಾರಿಯನ್ನು ನೋಡಿದ, ದೂರದಲ್ಲಿ ಎರಡು ಧೂಳು. ತನ್ನ ಕಾಲನ್ನು ನೋಡಿಕೊಂಡ. "ಆಗಕ್ಕಿಲ್ಲ ಕಣ್ಲಾ. ಇಲ್ಲಿಗೆ ಬಂದ್ ಮೇಲೆ ಇದು ಏಳಕ್ಕಿಲ್ಲ. ಒಂದಿನಾನೂ ಎದ್ದಿಲ್ಲ" ಎಂದ. ಆ ದನಿ ಕೇಳಿ ನನಗೆ ಅಳು ಬಂತು, ಅದರ ಹಿಂದೆಯೇ ಕೋಪ ಬಂತು.

"ಅಲ್ಲಿ ನಿನ್ ಚೀಲ ಕಾಯ್ತಾ ಕುಂತದೆ!" ಎಂದು ಅರಚಿದೆ. "ನೀನೋಗ್ದಿದ್ರೆ ನಾಳೆ ಇನ್ಯಾವನೋ ಹೆಗಲಿಗಾಕ್ಕತಾನೆ. ನನ್ ಕೈಗೆ ಅವ್ನು ಬಂದು ಸಾಗ್ಲಿ ಅಂತಾನೆ. ನಾನು ಇಸ್ಕಳಕ್ಕಿಲ್ಲ ಕಣಣ್ಣಯ್ಯ! ನಿನ್ನಾಣೆ ಇಸ್ಕಳಕ್ಕಿಲ್ಲ!"

ಅವನು ನನ್ನನ್ನೇ ನೋಡಿದ. ಬಾಯಲ್ಲಿದ್ದ ಹುಣಸೆಬೀಜವನ್ನು ಕಡಿಯದೆ ಉಗಿದ. ಕೋಲನ್ನು ಕಿತ್ತುಕೊಂಡ. ಮುದುಕ ದಾರ ಕಟ್ಟಿದ. ಅಣ್ಣಯ್ಯ ಎದ್ದ, ಓಡಿದ.

ನಾನೂ ಹಿಂದೆ ಬಿದ್ದೆ. ನನ್ನದು ಇಪ್ಪತ್ತು ದಾಟಿದ ಹರೆಯ, ಅವನು ಮೊಮ್ಮಕ್ಕಳ ತಾತ. ಆದರೂ ಅವನ ಬೆನ್ನು ಹಿಡಿಯಲು ನನಗೆ ಸಾಕುಸಾಕಾಯಿತು. ಅವನು ಜೋರು ಮಾಡಲಿಲ್ಲ. ಅದೇ ಹೆಜ್ಜೆ. ಬಿಸಿಲು ನೆತ್ತಿಗೆ ಬಂದಿತ್ತು, ಜೋರು ಮಾಡಿದ್ದವರಿಗೆ ಅದು ತನ್ನ ಪಾಲು ಕೇಳತೊಡಗಿತ್ತು. ಅರ್ಧ ದಾರಿಯಲ್ಲಿ ಮಲೆಯಾಳದ ತರುಣ ಹೊಂಗೆಮರದಡಿ ಮೀನಖಂಡ ಹಿಡಿದುಕೊಂಡು ಕೂತಿದ್ದ. ಅಣ್ಣಯ್ಯ ಓಡುತ್ತಲೇ, "ಇಮ್ಮಡೀನ ನೆಲಕ್ಕೂರಿ ಬೆರಳು ಎಳ್ಕೊ ಮಗ" ಎಂದು ಹೇಳಿ ಮುಂದೆ ಹೋದ. ಒಕ್ಕಣೆ ಮಾಡುತ್ತಿದ್ದ ಹೆಂಗಸರು ದಾರಿಗೆ ಬಂದು ನಿಂತಿದ್ದರು. ಗೆಜ್ಜೆಯಿಲ್ಲದೆ ಓಡುತ್ತಿದ್ದ ಅವನನ್ನು ಮೊದಲು ಗುರುತಿಸಲಿಲ್ಲ. ಗುರುತಿಸಿದ ಮೇಲೆ ಒಬ್ಬಳು ಮೊರವನ್ನು ಬಡಿಯತೊಡಗಿದಳು. ಮುಂದಿನ ಕಣದಲ್ಲಿ ಇನ್ನೊಬ್ಬಳು ತಟ್ಟೆ ಬಡಿದಳು. ಹೊಳೆಯವರೆಗೂ ಆ ಸದ್ದು ಅವನಿಗಿಂತ ಮುಂದೆ ಓಡಿತು.

ಹೊಳೆಗೆ ಇಳಿಯುವ ದಿಬ್ಬದ ಮೇಲೆ ನನ್ನ ಉಸಿರು ಮುಗಿಯಿತು. ಅಲ್ಲೇ ಕುಸಿದು ಕೂತೆ. ಕೆಳಗೆ ಎಲ್ಲವೂ ಕಾಣುತ್ತಿತ್ತು. ಮರಳಿನ ತುಂಬ ಜನ, ನಡುವೆ ದರೋಗಾ ಸಾಹೇಬರು, ಆಚೆಗೆ ಕೋಟೆ. ಸಿಪಾಯಿ ಆಗಲೇ ಮರಳಿಗೆ ಇಳಿದಿದ್ದ. ಅವನು ಜನರ ಕಡೆಗೆ ನೆಟ್ಟಗೆ ಬಿಟ್ಟ, ಒಣ ಮರಳಿನ ಮೇಲೆ. ಒಂದೊಂದು ಹೆಜ್ಜೆಗೂ ಕಾಲು ಗೆಣ್ಣಿನವರೆಗೆ ಹೂತುಹೋಗುತ್ತಿತ್ತು. ಅಣ್ಣಯ್ಯ ಜನರಿಗೆ ಬೆನ್ನು ಮಾಡಿ ನೀರಿನ ಕಡೆಗೆ ತಿರುಗಿದ. "ಅಯ್ಯೋ, ನೀರು ಕುಡ್ಯಕ್ಕೋದ!" ಎಂದು ಗರಡಿಯವನೊಬ್ಬ ತಲೆ ಚಚ್ಚಿಕೊಂಡನಂತೆ. ನನಗೆ ಗೊತ್ತಿತ್ತು. ದಿನಾ ಅವನು ಓಡುವುದು ನೀರಂಚಿನ ಒದ್ದೆ ಮರಳಿನ ಮೇಲೆ, ಅದು ನೆಲದ ಹಾಗೆ ಗಟ್ಟಿ. ಸುತ್ತು ದಾರಿ, ಆದರೆ ಕಾಲು ಹೂಳುವುದಿಲ್ಲ. ಗಿಡ್ಡ ಆಳು ಆ ಅಂಚಿನ ಮೇಲೆ ಉರುಳಿಬಿಟ್ಟ ಬಿಂದಿಗೆಯಂತೆ ಹೋದ. ಹೋದ, ಹೋದ, ಸಿಪಾಯಿಯ ಸಮಕ್ಕೆ ಬಂದ, ಮೀರಿದ, ಜನರೊಳಗೆ ನುಗ್ಗಿದ. ಕೋಲನ್ನು ದರೋಗಾ ಸಾಹೇಬರ ಕೈಗೆ ತುರುಕಿ, ಕೋಟೆಗೋಡೆಗೆ ಕೇಳುವ ಹಾಗೆ, "ಸಾಗ್ಲಿ!" ಎಂದ.

ಹುಟ್ಟಿದಾಗಿನಿಂದ ಪಲ್ಲಕ್ಕಿ, ಕುದುರೆ ಬಿಟ್ಟು ಇಳಿಯದ ಆ ಸಾಹೇಬರು, ಆ ಮಾತಿಗೆ ಬೆಚ್ಚಿ ಕೋಲು ಹಿಡಿದು ನಾಲ್ಕು ಹೆಜ್ಜೆ ಓಡಿಯೇಬಿಟ್ಟರು!

ಆ ಮೇಲಿನ ಗದ್ದಲವನ್ನು ಬಣ್ಣಿಸಲಾರೆ. ಪಠಾಣರು ಅವನನ್ನು ಹೆಗಲ ಮೇಲೆ ಹೊತ್ತರು. ನಾಯಿಯ ಮಾತಾಡಿದ್ದ ಗರಡಿಯವರೇ ಅವನ ಕಾಲಿನ ಧೂಳು ತೆಗೆದು ತಮ್ಮ ತೋಳಿಗೆ ಸವರಿಕೊಂಡರು. ಸೋತ ಸಿಪಾಯಿ ಮರಳಿನಲ್ಲಿ ಕೂತು ಮೊದಲು ತನ್ನ ಪಾದವನ್ನೂ ಆಮೇಲೆ ಅಣ್ಣಯ್ಯನ ಪಾದವನ್ನೂ ನೋಡಿ ಗಹಗಹಿಸಿ ನಕ್ಕ. ಏನು ಬೇಕೋ ಕೇಳು ಎಂದು ದೊಡ್ಡವರೆಲ್ಲ ಕೇಳಿದರು. ಅಣ್ಣಯ್ಯ ಹೆಗಲ ಮೇಲಿಂದಲೇ ಬಗ್ಗಿ ದರೋಗಾ ಸಾಹೇಬರಿಗೆ, "ನನ್ ಚೀಲ ಕೊಡಿ ಬುದ್ಧಿ" ಎಂದ. ಸಾಹೇಬರು ತಮ್ಮ ಕೈಯಾರೆ ಅದನ್ನು ಅವನ ಹೆಗಲಿಗೆ ಹಾಕಿದರು.

ಆಮೇಲೆ ಯುದ್ಧ ಬಂತು, ಮತ್ತೂ ಒಂದು ಯುದ್ಧ ಬಂತು. ಹುಣಸೆಮರದ ಬುಡದಲ್ಲಿ ಕತ್ತಿ ಇಡುವವರು ಯಾರೂ ಉಳಿಯಲಿಲ್ಲ. ಈಗ ಕೋಟೆಯೂ ಬಿದ್ದಿದೆ. ಹಿರೋಡೆಯ ಬೀಡು ಬಯಲಾಗಿದೆ. ಆದರೆ ಇದನ್ನೆಲ್ಲ ನೆನೆದು ಕೊರಗಿದರೆ ಅಣ್ಣಯ್ಯನಿಗೆ ಹಿಡಿಸದು. ಗೆದ್ದ ಮಾರನೆಯ ಬೆಳಿಗ್ಗೆಯದೊಂದನ್ನು ಹೇಳಿ ಮುಗಿಸುತ್ತೇನೆ.

ಬೆಳಿಗ್ಗೆ ನಾನು ಹಿರೋಡೆಯ ಕಟ್ಟೆಯಲ್ಲಿ ಕಾಯುತ್ತಿದ್ದೆ. ಸುದ್ದಿ ರಾತ್ರಿಯೇ ಬೀಡಿಗೆ ತಲುಪಿತ್ತು. ಅಂಚೆಯ ಹೊತ್ತಿಗೆ ಫ್ರೆಂಚ್ ಸಿಪಾಯಿಗಳು ಒಬ್ಬೊಬ್ಬರಾಗಿ ಬಂದು ದಾರಿಯ ಎರಡೂ ಬದಿಗೆ ಸಾಲಾಗಿ ನಿಂತರು. ನಿನ್ನೆ ಸೋತ ಉದ್ದ ಕಾಲಿನವನು ಎಲ್ಲರಿಗಿಂತ ಮುಂದೆ. ಗೆಜ್ಜೆಯ ಸದ್ದು ಕೇಳಿಸಿತು. ಅಣ್ಣಯ್ಯ ಚೀಲ ಹೊತ್ತು ತಿರುವಿನಲ್ಲಿ ಕಾಣಿಸಿಕೊಂಡ. ಸಿಪಾಯಿಗಳೆಲ್ಲ ಒಟ್ಟಿಗೆ ಟೋಪಿ ತೆಗೆದು ಮೇಲೆತ್ತಿದರು.

ಅಣ್ಣಯ್ಯ ಗಾಬರಿಯಾದ. ಹಿಂದೆ ತಿರುಗಿ ನೋಡಿದ. ದಾರಿಯ ನಡುವೆ ಓಡುತ್ತಿದ್ದವನು ಬೇಲಿಯ ಪಕ್ಕಕ್ಕೆ ಸರಿದುಕೊಂಡು, ತಲೆ ಬಗ್ಗಿಸಿ, ಅದೇ ಹೆಜ್ಜೆಯಲ್ಲಿ ನನ್ನ ಬಳಿಗೆ ಬಂದ.

"ಜರುಗ್ಲಾ ಆಚಾರಿ, ದಾರಿ ಬುಡು" ಎಂದು ಪಿಸುಗುಟ್ಟಿದ. "ಯಾರೋ ದೊಡ್ಡೋರು ಬತ್ತಾವ್ರೆ."

"ಬಂದಾಯ್ತು ಕಣಣ್ಣಯ್ಯ" ಎಂದೆ. "ಚೀಲ ಕೊಡು."